ಸಂಶೋಧನಾ ವಿಧಾನದ ತರಗತಿಯಲ್ಲಿ ವಾನೀಟಾ ಬ್ರೂಕ್ಸ್

ಎಂ.ಎ. ಇತಿಹಾಸದ ಸಂಶೋಧನಾ ವಿಧಾನ ಪತ್ರಿಕೆಯಲ್ಲಿ ಸಾಕ್ಷ್ಯವಿಮರ್ಶೆಯ ಪಾಠ ಬಂದಾಗ ನಮ್ಮ ಮೇಷ್ಟ್ರು ಪ್ರತಿ ಬ್ಯಾಚಿಗೂ ಅಮೆರಿಕದ ಇತಿಹಾಸಕಾರ್ತಿ ವಾನೀಟಾ ಬ್ರೂಕ್ಸ್ ಅವರ ಕೆಲಸವನ್ನೇ ಎತ್ತಿಕೊಳ್ಳುತ್ತಿದ್ದರು. ಈಗಿನ ವಿದ್ಯಾರ್ಥಿಗಳಿಗೂ ಅದು ಸಿಗಲಿ ಎಂದು ಆ ಪಾಠದ ತಿರುಳನ್ನು ಬರೆಯುತ್ತಿದ್ದೇನೆ.

ಬ್ರೂಕ್ಸ್ ಹುಟ್ಟಿದ್ದು 1898ರಲ್ಲಿ, ಅಮೆರಿಕದ ನೆವಾಡಾದ ಬಂಕರ್‌ವಿಲ್ ಎಂಬ, ಮಾರ್ಮನ್ ಎಂಬ ಕ್ರೈಸ್ತ ಪಂಗಡದವರ ಹಳ್ಳಿಯಲ್ಲಿ. ಯೂಟಾದ ಸೇಂಟ್ ಜಾರ್ಜ್‌ನಲ್ಲಿ ಕಾಲೇಜು ಅಧ್ಯಾಪಕಿ, ಷರೀಫರ (ಕೌಂಟಿಯ ಪೊಲೀಸ್ ಮುಖ್ಯಾಧಿಕಾರಿಯ) ಹೆಂಡತಿ, ದೊಡ್ಡ ಸಂಸಾರದ ತಾಯಿ, ಕೊನೆಯವರೆಗೂ ಚರ್ಚಿನ ಶ್ರದ್ಧಾವಂತ ಸದಸ್ಯೆ. ಅವರು ಪುಸ್ತಕ ಬರೆದದ್ದು ಅದೇ ಸಮುದಾಯದವರು ನಡೆಸಿದ ಕೊಲೆಗಳ ಬಗ್ಗೆ. 1857ರ ಸೆಪ್ಟೆಂಬರ್ 7ರಂದು ಮೌಂಟನ್ ಮೆಡೋಸ್ ಎಂಬ ಹುಲ್ಲುಗಾವಲಿನಲ್ಲಿ, ಅರ್ಕನ್ಸಾದಿಂದ ಕ್ಯಾಲಿಫೋರ್ನಿಯಾಕ್ಕೆ ಹೊರಟಿದ್ದ ವಲಸೆ ಬಂಡಿಗಳ ಮೇಲೆ ದಾಳಿಯಾಯಿತು. 11ರಂದು ಮಾರ್ಮನ್ ಮಿಲಿಷಿಯದವರು (ಊರವರೇ ಕೂಡಿದ ಸಶಸ್ತ್ರ ಪಡೆಯವರು) ಬಿಳಿ ಬಾವುಟ ಹಿಡಿದು ಹೋಗಿ, ಕಾಪಾಡುತ್ತೇವೆಂದು ಮಾತು ಕೊಟ್ಟು, ವಲಸಿಗರಿಂದ ಬಂದೂಕು ಕೆಳಗಿಡಿಸಿದರು. ಹೆಂಗಸರು ಮಕ್ಕಳನ್ನು ಮುಂದೆ ನಡೆಸಿದರು. ಹಿಂದೆ ಬರುತ್ತಿದ್ದ ಒಬ್ಬೊಬ್ಬ ಗಂಡಸಿನ ಪಕ್ಕದಲ್ಲೂ ಒಬ್ಬ ಬಂದೂಕುಧಾರಿ. ಸನ್ನೆಯಾದೊಡನೆ ಕೊಲೆ ಶುರುವಾಯಿತು. ಸುಮಾರು 120 ಜನ ಸತ್ತರು. ಉಳಿದದ್ದು ಏಳು ವರ್ಷ ತುಂಬದ 17 ಮಕ್ಕಳು.

ಮೇಷ್ಟ್ರು ಬೋರ್ಡಿನ ಮೇಲೆ ಪ್ರತಿ ದಾಖಲೆಗೂ ನಾಲ್ಕು ಕಲಂ ಹಾಕಿಸುತ್ತಿದ್ದರು: ಹೇಳಿದವರು ಯಾರು, ಘಟನೆಯಾದ ಎಷ್ಟು ದಿನಕ್ಕೆ, ಯಾರ ಮುಂದೆ, ಇದರಿಂದ ಯಾರಿಗೆ ಅನುಕೂಲ. ಮೊದಲು ಕೊಡುತ್ತಿದ್ದದ್ದು, ಕೊಲೆಯಲ್ಲಿ ಪಾಲುಗೊಂಡಿದ್ದ ಜಾನ್ ಡಿ. ಲೀ 1857ರ ನವೆಂಬರ್ 20ರಂದು ಚರ್ಚಿನ ಮುಖ್ಯಸ್ಥ ಬ್ರಿಗ್ಹಮ್ ಯಂಗ್‌ಗೆ ಬರೆದ ಕಾಗದ. ಘಟನೆಯಾಗಿ ಎರಡೂವರೆ ತಿಂಗಳೂ ಆಗಿರಲಿಲ್ಲ, ಬರೆದವನು ಸ್ಥಳದಲ್ಲೇ ಇದ್ದವನು. ಆದರೂ ಕೊಲೆಯ ಹೊಣೆಯನ್ನೆಲ್ಲ ಇಂಡಿಯನ್ನರ (ಅಮೆರಿಕದ ಮೂಲನಿವಾಸಿಗಳ) ತಲೆಗೆ ಕಟ್ಟಿದ್ದಾನೆ. ಘಟನೆಗೆ ಹತ್ತಿರದ ದಾಖಲೆಯೇ ಹೆಚ್ಚು ನಂಬಿಕೆಗೆ ಯೋಗ್ಯ ಎಂದು ಪುಸ್ತಕದಲ್ಲಿ ಓದಿಕೊಂಡು ಬಂದವರು ಮುಗ್ಗರಿಸುತ್ತಿದ್ದದ್ದು ಇಲ್ಲಿಯೇ. ಆ ಸುಳ್ಳಿನ ಭಾರವನ್ನು ಅಲ್ಲಿನ ಮೂಲನಿವಾಸಿಗಳಾದ ಪೈಯೂಟ್ ಜನ ತಲೆಮಾರುಗಟ್ಟಲೆ ಹೊತ್ತರು. ಇನ್ನು 1877ರಲ್ಲಿ ಅಚ್ಚಾದ ಲೀಯ ತಪ್ಪೊಪ್ಪಿಗೆ ಅವನ ವಕೀಲನ ಕೈಯಿಂದ ಹೊರಬಂದದ್ದು. ಎಷ್ಟು ಲೀಯದು, ಎಷ್ಟು ವಕೀಲನದು ಎಂದು ಬೇರ್ಪಡಿಸದೆ ಅದನ್ನು ಬಳಸುವಂತಿಲ್ಲ.

ಹೆಚ್ಚು ಹೊತ್ತು ಹಿಡಿಯುತ್ತಿದ್ದದ್ದು ಯಂಗ್ ಬರೆದ ಕಾಗದ. ಸೆಪ್ಟೆಂಬರ್ 7ರಂದು ಸೀಡರ್ ಸಿಟಿಯಿಂದ ಜೇಮ್ಸ್ ಹಾಸ್ಲಮ್ ಎಂಬ ಸವಾರ ಸುಮಾರು 400 ಕಿ.ಮೀ. ದೂರದ ಸಾಲ್ಟ್ ಲೇಕ್ ಸಿಟಿಗೆ, ಯಂಗ್‌ನ ಸಲಹೆ ಕೇಳಲು ಹೊರಟ. ವಲಸಿಗರ ತಂಟೆಗೆ ಹೋಗಬೇಡಿ ಎಂಬ ಉತ್ತರದ ತಾರೀಖು 10. ಅವನು ಹಿಂತಿರುಗಿದ್ದು 13ಕ್ಕೆ, ಕೊಲೆಯಾಗಿ ಎರಡು ದಿನವಾಗಿತ್ತು. ಯಂಗ್ ಆಜ್ಞೆ ಕೊಡಲಿಲ್ಲವೆನ್ನಲು ಇದು ಆಧಾರ. ಅದೇ ಕಾಗದದಲ್ಲಿ, ಇಂಡಿಯನ್ನರು ತಮಗೆ ತೋಚಿದಂತೆ ಮಾಡಿಯಾರು, ಅವರ ಸ್ನೇಹ ಕೆಡಿಸಿಕೊಳ್ಳಬೇಡಿ ಎಂಬ ಅರ್ಥದ ಮಾತೂ ಇದೆ. ಒಂದು ಸಾಲು ಹಿಡಿದು ಇನ್ನೊಂದನ್ನು ಬಿಟ್ಟರೆ ಯಂಗ್ ಪೂರ್ತಿ ನಿರಪರಾಧಿಯೋ ಪೂರ್ತಿ ಅಪರಾಧಿಯೋ ಆಗಿಬಿಡುತ್ತಾನೆ. ಬ್ರೂಕ್ಸ್ ಎರಡನ್ನೂ ಬಿಡಲಿಲ್ಲ. ಅಮೆರಿಕದ ಸೈನ್ಯ ಯೂಟಾದತ್ತ ಬರುತ್ತಿದ್ದಾಗ ಚರ್ಚಿನ ಮುಖಂಡರು ಉಪದೇಶಗಳಲ್ಲಿ ಎಬ್ಬಿಸಿದ ಯುದ್ಧದ ಕಾವು ಕೊಲೆಗೆ ನೆಲ ಹದಮಾಡಿತು, ಆಮೇಲೆ ಯಂಗ್ ಅಪರಾಧಿಗಳನ್ನು ಮರೆಮಾಡಿದ ಎಂದು ನೇರವಾಗಿ ಬರೆದರು. ಆ ತೀರ್ಮಾನದ ತೂಕ ನನಗೆ ಇಂದಿಗೂ ಸರಿಯೆನಿಸುತ್ತದೆ.

ಕೊಲೆಗೆ ಮರಣದಂಡನೆಯಾದದ್ದು ಒಬ್ಬನಿಗೇ, ಲೀಗೆ. 1875ರ ವಿಚಾರಣೆಯಲ್ಲಿ ಜ್ಯೂರಿಯವರು ಒಮ್ಮತಕ್ಕೆ ಬರಲಿಲ್ಲ. 1876ರಲ್ಲಿ ಮಾರ್ಮನ್ನರೇ ತುಂಬಿದ್ದ ಜ್ಯೂರಿ ಲೀಯನ್ನು ತಪ್ಪಿತಸ್ಥನೆಂದಿತು. 1877ರ ಮಾರ್ಚ್ 23ರಂದು ಅದೇ ಹುಲ್ಲುಗಾವಲಿನಲ್ಲಿ ಅವನನ್ನು ಗುಂಡಿಟ್ಟು ಕೊಂದರು. ಎರಡನೆಯ ವಿಚಾರಣೆಯ ಸಾಕ್ಷಿಗಳ ನೆನಪು ಲೀಯ ಮಟ್ಟಿಗೆ ಚುರುಕಾಗಿ, ಉಳಿದವರ ಮಟ್ಟಿಗೆ ಮಂಕಾಗಿತ್ತು. ಕೋರ್ಟಿನ ಹೇಳಿಕೆ ಓದುವಾಗ ಸಾಕ್ಷಿ ಎಲ್ಲಿ ಬಾಯಿ ಮುಚ್ಚಿದ ಎಂಬುದನ್ನೂ ಗುರುತು ಹಾಕಿಕೊಳ್ಳಿ ಎನ್ನುತ್ತಿದ್ದರು ಮೇಷ್ಟ್ರು.

ಬ್ರೂಕ್ಸ್‌ಗೆ ಸಾಮಗ್ರಿ ಸಿಕ್ಕಿದ್ದು ಬಹುಪಾಲು ಊರಿನ ಮನೆಗಳಲ್ಲಿ. 1930ರ ದಶಕದ ಸರ್ಕಾರಿ ಪರಿಹಾರ ಕಾಮಗಾರಿಯ ಹಣದಲ್ಲಿ, ಹಿರಿಯರ ದಿನಚರಿಗಳನ್ನು ಎರವಲು ತಂದು ಸ್ಥಳೀಯ ಹೆಂಗಸರಿಂದ ಟೈಪ್ ಮಾಡಿಸಿದರು. ಇಂಥ ನಕಲಿನಲ್ಲಿ ಕೆಡುವುದು ಟೈಪಿಸ್ಟರ ಒಳ್ಳೆಯ ಮನಸ್ಸಿನಿಂದಲೇ: ಕಾಗುಣಿತ ತಿದ್ದುತ್ತಾರೆ, ಮುಜುಗರದ ಸಾಲು ಹಾರಿಸುತ್ತಾರೆ. ಅದಕ್ಕೇ ತಪ್ಪನ್ನು ತಪ್ಪಾಗಿಯೇ ಇಳಿಸಬೇಕು, ಹರಿದ ಜಾಗವನ್ನು ಖಾಲಿ ಬಿಟ್ಟು ತೋರಿಸಬೇಕು, ಮೂಲದೊಂದಿಗೆ ಇಬ್ಬರು ಕೂತು ಓದಿ ತಾಳೆ ನೋಡಬೇಕು. ಚರ್ಚಿನ ಬಳಿ ಇದ್ದ ಪ್ರತ್ಯಕ್ಷದರ್ಶಿಗಳ ಅಫಿಡವಿಟ್‌ಗಳನ್ನು ಮಾತ್ರ ಅವರಿಗೆ ತೋರಿಸಲಿಲ್ಲ. ಆ ಸಂಗತಿಯನ್ನೂ ಅವರು ಪುಸ್ತಕದಲ್ಲಿ ದಾಖಲಿಸಿದರು.

ಬ್ರೂಕ್ಸ್ ಬರೆಯುವಾಗ ಇಸ್ತ್ರಿ ಬಟ್ಟೆಯ ರಾಶಿ ಪಕ್ಕದಲ್ಲಿಟ್ಟುಕೊಂಡು, ನೆರೆಯವರು ಬಂದರೆ ಟೈಪ್‌ರೈಟರ್ ಮೇಲೆ ಹೊದಿಸುತ್ತಿದ್ದರಂತೆ. ಪುಸ್ತಕವನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯ ಹೊರತಂದಿತು. ಚರ್ಚು ಅವರನ್ನು ಹೊರಹಾಕಲಿಲ್ಲ, ಊರು ಮಾತ್ರ ಮುಖ ತಿರುಗಿಸಿತು. 1961ರಲ್ಲಿ ಚರ್ಚು ಸತ್ತುಹೋಗಿದ್ದ ಲೀಯನ್ನು ಮತ್ತೆ ಸದಸ್ಯತ್ವಕ್ಕೆ ತೆಗೆದುಕೊಂಡಿತು, ಸುದ್ದಿಯನ್ನು ಪ್ರಕಟಿಸಬೇಡಿ ಎಂದಿತು. ಬ್ರೂಕ್ಸ್ ಅದನ್ನೂ ಅಚ್ಚು ಹಾಕಿಸಿದರು.