ಡಾಲರ್ ಪುಸ್ತಕ

2013ರ ಆಗಸ್ಟ್ 27, ಮಂಗಳವಾರ. ಮಂಗಳೂರಿನ ಹಂಪನಕಟ್ಟೆ ಹತ್ತಿರದ ಬ್ಯಾಂಕೊಂದರಲ್ಲಿ ವಿದೇಶಿ ವಿನಿಮಯ ವಿಭಾಗದ ಎದುರು ಬೆಂಚಿನ ಮೇಲೆ ಕುಳಿತಿದ್ದೆ. ಹೊರಗೆ ಜೋರು ಮಳೆ. ಪಕ್ಕದಲ್ಲಿ ದುಬೈಯಿಂದ ರಜೆಗೆ ಬಂದವರೊಬ್ಬರು. ಏಪ್ರಿಲಿನಲ್ಲಿ 15 ರೂಪಾಯಿಯೂ ಇರದ ದಿರ್ಹಮ್ ಅವತ್ತು 18 ಮುಟ್ಟಿತ್ತು. ಸುರತ್ಕಲ್ಲಿನ ಮನೆಸಾಲದಲ್ಲಿ ದೊಡ್ಡ ಪಾಲು ಒಂದೇ ಸಲಕ್ಕೆ ಕಟ್ಟಿಬಿಡುತ್ತೇನೆ ಎಂದು ಅವರು ಸಂತೋಷದಿಂದ ಹೇಳುತ್ತಿದ್ದರು. ನನ್ನ ಕೈಯಲ್ಲಿ 3 ಲಕ್ಷ ಡಾಲರಿನ ಬಿಲ್ಲು. ಅದನ್ನು ಅವತ್ತೇ ತೀರಿಸಬೇಕು. ಕೌಂಟರಿನವರು ಚೀಟಿಯಲ್ಲಿ ಬರೆದು ಕೊಟ್ಟ ದರ 66.20. ನಮ್ಮ ಕಾರ್ಖಾನೆಯ ಲೆಕ್ಕದಲ್ಲಿ ಅದೇ ಡಾಲರಿಗೆ ನಾನು ಹಿಡಿದಿದ್ದ ದರ 54.50.

ವ್ಯತ್ಯಾಸ 35 ಲಕ್ಷದ 10 ಸಾವಿರ ರೂಪಾಯಿ. ಗೇರುಬೀಜದಲ್ಲಿ ನಾವು ಇಡೀ ವರ್ಷ ದುಡಿದು ಉಳಿಸುತ್ತಿದ್ದುದಕ್ಕಿಂತ ಹೆಚ್ಚು.

ನಾನು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಗೇರುಬೀಜದ ಕಾರ್ಖಾನೆಯಲ್ಲಿ ಲೆಕ್ಕಪತ್ರ ನೋಡಿಕೊಂಡು ಬಂದವನು. ಹೊರಗಿನವರಿಗೆ ನಮ್ಮದು ಊರಿನ ಬೆಳೆಯ ಉದ್ಯಮದ ಹಾಗೆ ಕಾಣುತ್ತದೆ. ಆದರೆ ಕಾರ್ಕಳ, ಕುಂದಾಪುರ, ಪುತ್ತೂರಿನ ಬೀಜ ವರ್ಷವಿಡೀ ಕಾರ್ಖಾನೆ ಓಡಿಸಲು ಸಾಲುವುದಿಲ್ಲ. ಬೆನಿನ್, ಐವರಿ ಕೋಸ್ಟ್, ತಾಂಜಾನಿಯಾಗಳಿಂದ ಕಂಟೇನರುಗಳಲ್ಲಿ ಹಸಿಬೀಜ ಬರಬೇಕು. ಅದಕ್ಕೆ ಕೊಡುವುದು ಡಾಲರ್. ತಿರುಳಿನ ಮೂರನೇ ಒಂದು ಪಾಲು ನಾವು ರಫ್ತು ಮಾಡುತ್ತೇವೆ, ಉಳಿದದ್ದು ಮುಂಬೈ, ದೆಹಲಿಯ ವ್ಯಾಪಾರಿಗಳಿಗೆ ರೂಪಾಯಿಗೇ ಹೋಗುತ್ತದೆ. ಹಾಗಾಗಿ ಬೀಜ ಕೊಂಡ ದಿನದಿಂದ ಬಿಲ್ಲು ತೀರುವ ದಿನದವರೆಗೆ ನಮ್ಮ ತಲೆಯ ಮೇಲೆ ಡಾಲರ್ ಕುಳಿತಿರುತ್ತದೆ.

ಆ ಬಿಲ್ಲಿನ ಕತೆ ಹೀಗೆ. ಫೆಬ್ರವರಿ ಕೊನೆಗೆ ಬೆನಿನ್‌ನಿಂದ ಇಪ್ಪತ್ತು ಕಂಟೇನರ್ ಬೀಜಕ್ಕೆ ಒಪ್ಪಂದವಾಯಿತು. ಏಪ್ರಿಲ್ ಕೊನೆಗೆ ಸರಕು ಪಣಂಬೂರಿನ ಬಂದರಿಗೆ ಬಂತು. ಆಗ ನಮ್ಮ ಕ್ಯಾಶ್ ಕ್ರೆಡಿಟ್ ಸಾಲದ ಬಡ್ಡಿ ಹನ್ನೆರಡೂವರೆ ಶೇಕಡಾ. ಬೈಯರ್ಸ್ ಕ್ರೆಡಿಟ್ ತೆಗೆದುಕೊಂಡರೆ ವಿದೇಶಿ ಶಾಖೆಯೊಂದು ಡಾಲರಿನಲ್ಲಿ ದುಡ್ಡು ಕೊಡುತ್ತಿತ್ತು, ಬಡ್ಡಿ ಮೂರು ಶೇಕಡಾದ ಆಸುಪಾಸು. ನಾಲ್ಕು ತಿಂಗಳ ಗಡುವು. ಧಣಿಗಳಿಗೂ ನನಗೂ ಇದು ಒಂಬತ್ತು ಶೇಕಡಾ ಉಳಿತಾಯವೆಂದೇ ಕಂಡಿತು. ಮಂಗಳೂರಿನಲ್ಲಿ ಆಮದು ಮಾಡುವ ಬಹುತೇಕರು ಅದೇ ಮಾಡುತ್ತಿದ್ದರು.

ಸಾಲ ಪಡೆದ ವಾರವೇ ಫಾರ್ವರ್ಡ್, ಅಂದರೆ ಮುಂದೆ ಕೊಳ್ಳುವ ಡಾಲರಿಗೆ ಇವತ್ತೇ ದರ ಕಟ್ಟುವ ಒಪ್ಪಂದ, ಬುಕ್ ಮಾಡಲು ಬ್ಯಾಂಕಿಗೆ ಪತ್ರ ಬರೆದೆ. ಆಗಸ್ಟ್ 27ಕ್ಕೆ 3 ಲಕ್ಷ ಡಾಲರ್, ದರ 55.60. ಪತ್ರ ಟೈಪಾಗಿ, ಮುದ್ರೆ ಬಿದ್ದು, ಸಹಿಗೆ ಹೋಯಿತು. ಧಣಿಗಳು ನೋಡಿ ಕೇಳಿದರು: "ಇವತ್ತು ಪೇಟೆಯಲ್ಲಿ 54.50 ಉಂಟಲ್ಲ, ಮತ್ತೆ ನಾವು ಎಂತದಕ್ಕೆ 55.60 ಕೊಡುವುದು? ಮೂರು-ಮೂರೂವರೆ ಲಕ್ಷ ಸುಮ್ಮನೆ ಬ್ಯಾಂಕಿಗೆ ಹೋಗ್ತದೆ ಮಾರಾಯ್ರೆ." ನನ್ನ ಬಳಿ ಉತ್ತರ ಇತ್ತು, ಹೇಳುವ ಧೈರ್ಯ ಇರಲಿಲ್ಲ. ರೂಪಾಯಿ ಏರಿದರೆ ಆ ಮೂರೂವರೆ ಲಕ್ಷದ ಮಾತು ನನ್ನ ತಲೆಗೇ ಬರುತ್ತದೆ ಎಂಬ ಹೆದರಿಕೆ. ಪತ್ರ ಮೇಜಿನ ಡ್ರಾಯರಿಗೆ ಹೋಯಿತು.

ಆ ಉತ್ತರವನ್ನು ಈಗಲಾದರೂ ಬರೆಯುತ್ತೇನೆ. ನಮ್ಮ ಕಡೆಯ ಎಷ್ಟೋ ಸಣ್ಣ ಆಮದುದಾರರು ಇವತ್ತಿಗೂ ಫಾರ್ವರ್ಡ್ ದರವನ್ನು ಬ್ಯಾಂಕಿನ ಭವಿಷ್ಯವಾಣಿ ಎಂದೇ ತಿಳಿದಿದ್ದಾರೆ. "ನಾಲ್ಕು ತಿಂಗಳಿಗೆ 55.60 ಆಗ್ತದೆ ಅಂತ ಬ್ಯಾಂಕ್ ಹೇಳ್ತದೆ, ನನಗೆ ಹಾಗೆ ಕಾಣುವುದಿಲ್ಲ" ಎಂದು ವಾದಿಸುತ್ತಾರೆ. ಬ್ಯಾಂಕು ಏನನ್ನೂ ಹೇಳುತ್ತಿಲ್ಲ. ನಮಗಾಗಿ ಅದು ಇವತ್ತೇ ಡಾಲರ್ ಕೊಂಡಿಟ್ಟಿತು ಎಂದುಕೊಳ್ಳಿ. ಕೊಳ್ಳಲು ಬೇಕಾದ ರೂಪಾಯಿಗೆ ಬಡ್ಡಿ ಹೆಚ್ಚು, ಕೊಂಡಿಟ್ಟ ಡಾಲರಿಗೆ ಸಿಗುವ ಬಡ್ಡಿ ಕಡಿಮೆ. ಆ ಎರಡು ಬಡ್ಡಿಗಳ ಅಂತರವೇ ಮೂಲತಃ ಪ್ರೀಮಿಯಂ, ಅಂದರೆ ಪೇಟೆಯ ದರದ ಮೇಲೆ ನಾವು ಕೊಡುವ ಹೆಚ್ಚುವರಿ. ಆಗ ಅದು ವರ್ಷಕ್ಕೆ ಆರು ಶೇಕಡಾದ ಹತ್ತಿರ ಇತ್ತು.

ಈಗ ಆ ಒಂಬತ್ತು ಶೇಕಡಾ "ಉಳಿತಾಯ"ವನ್ನು ಮತ್ತೊಮ್ಮೆ ನೋಡಿ. ಡಾಲರ್ ಸಾಲ ಅಗ್ಗವಾಗಿದ್ದುದು ರೂಪಾಯಿ ಬಿದ್ದರೆ ಅದರ ಹೊರೆ ನಮ್ಮದು ಎಂಬ ಷರತ್ತಿನ ಮೇಲೆ. ಉಳಿತಾಯದಲ್ಲಿ ಆರು ಶೇಕಡಾ ಆ ಹೊರೆ ಹೊತ್ತದ್ದಕ್ಕೆ ನಮಗೆ ಸಿಗುತ್ತಿದ್ದ ಕೂಲಿ. ನಿಜವಾದ ಉಳಿತಾಯ ಉಳಿದ ಮೂರು ಶೇಕಡಾ ಮಾತ್ರ. ಕವರ್ ಮಾಡಿದ್ದರೂ, ಅಂದರೆ ಫಾರ್ವರ್ಡ್ ಬುಕ್ ಮಾಡಿ ದರ ಕಟ್ಟಿಕೊಂಡಿದ್ದರೂ, ಆ ಮೂರು ನಮ್ಮ ಕೈಯಲ್ಲೇ ಇರುತ್ತಿತ್ತು. ಇದನ್ನು ಅರ್ಥ ಮಾಡಿಕೊಳ್ಳಲು ನನಗೆ 35 ಲಕ್ಷ ಬೇಕಾಯಿತು ಎಂಬ ನೋವು ಇನ್ನೂ ಹೋಗಿಲ್ಲ.

ಮೇ 22ರಂದು ಅಮೆರಿಕದ ಫೆಡರಲ್ ರಿಸರ್ವ್ ಅಧ್ಯಕ್ಷ ಬೆನ್ ಬರ್ನಾಂಕೆ, ತಾವು ಬಾಂಡ್ ಕೊಳ್ಳುವುದನ್ನು ಮುಂದಿನ ದಿನಗಳಲ್ಲಿ ತಗ್ಗಿಸಬಹುದು ಎಂದರು. ಅಲ್ಲಿಂದ ರೂಪಾಯಿ ಜಾರತೊಡಗಿತು. ಜೂನ್ ಎರಡನೇ ವಾರದಲ್ಲಿ 58 ದಾಟಿತು. ಆಗ ಬುಕ್ ಮಾಡಿದ್ದರೆ ಹತ್ತು-ಹನ್ನೆರಡು ಲಕ್ಷದಲ್ಲಿ ಮುಗಿಯುತ್ತಿತ್ತು. ಆದರೆ ಬುಕ್ ಮಾಡುವುದೆಂದರೆ ಅಷ್ಟು ನಷ್ಟವನ್ನು ಅವತ್ತೇ ಪುಸ್ತಕಕ್ಕೆ ಬರೆಯುವುದು. 54 ಕಂಡ ಕಣ್ಣಿಗೆ 58 ಒಪ್ಪಲಾಗಲಿಲ್ಲ. ಇಳಿಯುತ್ತದೆ, ಕಾಯುವ ಎಂದೆವು. ಜೂನ್ 26ಕ್ಕೆ 60 ದಾಟಿದಾಗ 58ಕ್ಕೆ ಬಂದರೆ ಸಾಕು ಎಂದೆವು. ಜುಲೈ ಮಧ್ಯದಲ್ಲಿ ರಿಸರ್ವ್ ಬ್ಯಾಂಕ್ ಬಡ್ಡಿ ಬಿಗಿ ಮಾಡಿತು, ಸ್ವಲ್ಪ ದಿನ ದರ ನಿಂತಿತು. ನಮಗೆ ಧೈರ್ಯ ಬಂತು, ಆಗಲೂ ಸುಮ್ಮನಿದ್ದೆವು. ಆಗಸ್ಟ್ ಬಂದ ಮೇಲೆ ದಿನಕ್ಕೊಂದು ರೂಪಾಯಿ ಹೋದ ದಿನಗಳೂ ಇದ್ದವು.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ನಡುವೆ ನಡೆದ ಎರಡು ಸಂಗತಿ. ಜೂನ್‌ನಲ್ಲಿ ನಮ್ಮದೇ ರಫ್ತಿನ 80 ಸಾವಿರ ಡಾಲರ್ ಬಂದಿತ್ತು. 58 ಸಿಕ್ಕಿತೆಂದು ಅವತ್ತೇ ಮಾರಿ ಖುಷಿಪಟ್ಟೆವು. ರಫ್ತಿನ ಡಾಲರನ್ನು ಡಾಲರಾಗಿಯೇ ಇಡುವ ಇಇಎಫ್‌ಸಿ ಖಾತೆಯಲ್ಲಿಟ್ಟು ಆಮದಿನ ಬಾಕಿಗೆ ಹೊಂದಿಸುವ ದಾರಿ ಇದೆಯೇ ಎಂದು ಕೇಳಲೂ ಇಲ್ಲ. ಬರುವ ಡಾಲರ್ ಒಂದು ಫೈಲಿನಲ್ಲಿ, ಹೋಗುವ ಡಾಲರ್ ಇನ್ನೊಂದರಲ್ಲಿ. ಎರಡನ್ನೂ ಒಂದೇ ಹಾಳೆಯಲ್ಲಿ ಬರೆದವರು ಯಾರೂ ಇರಲಿಲ್ಲ. ಬರೆಯಬೇಕಾದವನು ನಾನೇ. ಎರಡನೆಯದು, ಹಬ್ಬದ ಬೇಡಿಕೆಗೆಂದು ತಿರುಳನ್ನು ಜೂನ್‌ನಲ್ಲೇ ದರ ಕಟ್ಟಿ ಮಾರಿಯಾಗಿತ್ತು. ಡಾಲರ್ ಏರಿದಾಗ ಊರಿನಲ್ಲಿ ತಿರುಳಿನ ದರವೂ ಏರಿತು, ಆದರೆ ನಮಗೆ ಅದರಿಂದ ಒಂದು ಕಾಸೂ ಬರಲಿಲ್ಲ. ಮಾರಾಟದ ದರ ಕಟ್ಟಿ, ಖರೀದಿಯ ದರ ಬಿಟ್ಟಿದ್ದೆವು.

ಆಗಸ್ಟ್ 28ಕ್ಕೆ ರೂಪಾಯಿ 68.80ಕ್ಕೆ ಕುಸಿಯಿತು. ಟೀವಿ ತುಂಬ 70, 75 ಎಂಬ ಮಾತು. ಅಕ್ಟೋಬರ್ ಕೊನೆಗೆ ಇನ್ನೂ 2 ಲಕ್ಷ ಡಾಲರಿನ ಬಿಲ್ಲು ಇತ್ತು. ಏಪ್ರಿಲಿನಲ್ಲಿ ಸಹಿ ಹಾಕದ ಧಣಿಗಳು ಆ ವಾರ ತಾವೇ ಫೋನ್ ಮಾಡಿ ಪೂರ್ತಿ ಬುಕ್ ಮಾಡಿಸಿದರು, 67.80ಕ್ಕೆ. ಸೆಪ್ಟೆಂಬರ್ 4ರಂದು ರಘುರಾಮ್ ರಾಜನ್ ರಿಸರ್ವ್ ಬ್ಯಾಂಕಿನ ಗವರ್ನರ್ ಆದರು, ಅನಿವಾಸಿ ಠೇವಣಿ ತರುವ ಬ್ಯಾಂಕುಗಳಿಗೆ ರಿಯಾಯಿತಿ ದರದಲ್ಲಿ ಡಾಲರ್-ರೂಪಾಯಿ ಅದಲುಬದಲು ಮಾಡಿಕೊಳ್ಳುವ ಸ್ವಾಪ್ ಸೌಲಭ್ಯ ಬಂತು, ರೂಪಾಯಿ ಚೇತರಿಸಿತು. ಅಕ್ಟೋಬರ್ ಕೊನೆಗೆ ಪೇಟೆಯ ದರ 61.50ರ ಹತ್ತಿರ. ನಾವು ಕೊಟ್ಟದ್ದು 67.80. ಮತ್ತೆ ಹನ್ನೆರಡು ಲಕ್ಷ. ಮೊದಲ ಸಲ ಆಸೆಯಿಂದ ಕೈಕಟ್ಟಿ ಕುಳಿತೆವು, ಎರಡನೇ ಸಲ ಭಯದಿಂದ ಸಹಿ ಹಾಕಿದೆವು. ಎರಡು ಸಲವೂ ನಾವು ನೋಡುತ್ತಿದ್ದುದು ರೂಪಾಯಿ ಎಲ್ಲಿಗೆ ಹೋಗುತ್ತದೆ ಎಂಬುದನ್ನು. ನಮ್ಮ ವ್ಯಾಪಾರ ಎಷ್ಟನ್ನು ತಾಳಿಕೊಳ್ಳುತ್ತದೆ ಎಂಬುದನ್ನು ನೋಡಲೇ ಇಲ್ಲ.

ಅದೇ ದೀಪಾವಳಿಗೆ ಒಂದು ಉದ್ದದ ಲೆಡ್ಜರ್ ತಂದೆ. ಡ್ರಾಯರಿನಲ್ಲಿದ್ದ ಏಪ್ರಿಲಿನ ಪತ್ರವನ್ನು ಅದರ ರಟ್ಟಿನ ಒಳಬದಿಗೆ ಅಂಟಿಸಿದೆ, ಇವತ್ತಿಗೂ ಅಲ್ಲಿದೆ. ಕಾರ್ಖಾನೆಯಲ್ಲಿ ಎಲ್ಲರೂ ಅದಕ್ಕೆ ಡಾಲರ್ ಪುಸ್ತಕ ಎನ್ನುತ್ತಾರೆ. ಒಂದು ಪುಟದಲ್ಲಿ ಕೊಡಬೇಕಾದ ಡಾಲರ್, ಎದುರಿನ ಪುಟದಲ್ಲಿ ಬರಬೇಕಾದ ಡಾಲರ್, ಎರಡಕ್ಕೂ ತಾರೀಕು. ಕಳೆದು ಉಳಿದದ್ದರಲ್ಲಿ ಎಷ್ಟು ಕವರ್ ಆಗಿದೆ, ಎಷ್ಟು ತೆರೆದಿದೆ. ಕೊನೆಯ ಕಾಲಮ್ಮಿಗೆ ನಾನು ಇಟ್ಟ ಹೆಸರು "ಮುಳುಗುವ ದರ".

ಈ ಕೊನೆಯ ಕಾಲಮ್ಮೇ ಮುಖ್ಯ. ನೂರು ರೂಪಾಯಿ ತಿರುಳು ಮಾರಿದರೆ ಅದರಲ್ಲಿ ಹಸಿಬೀಜದ ಡಾಲರ್ ವೆಚ್ಚ ಎಂಬತ್ತು ರೂಪಾಯಿ ಎಂದಿಟ್ಟುಕೊಳ್ಳಿ. ಸುಲಿಯುವ ಹೆಂಗಸರ ಕೂಲಿ, ತಿರುಳು ಒಣಗಿಸುವ ಬೋರ್ಮಾದ ಉರುವಲು, ಬಡ್ಡಿ, ಡಬ್ಬ ಎಲ್ಲ ಕಳೆದು ನಾಲ್ಕು ರೂಪಾಯಿ ಲಾಭ. ಡಾಲರ್ ಐದು ಶೇಕಡಾ ಏರಿದರೆ ಎಂಬತ್ತು ಎಂಬತ್ನಾಲ್ಕಾಗುತ್ತದೆ, ಲಾಭ ಸೊನ್ನೆ. 62ಕ್ಕೆ ಲೆಕ್ಕ ಕಟ್ಟಿದ್ದರೆ ಮುಳುಗುವ ದರ 65.10. ರೂಪಾಯಿ 65 ಆಗುತ್ತದೋ ಇಲ್ಲವೋ ನನಗೆ ತಿಳಿಯದು, ತಿಳಿಯಬೇಕಾಗಿಯೂ ಇಲ್ಲ. ಆದರೆ 65.10ಕ್ಕೆ ನಾವು ಮುಗಿಯುತ್ತೇವೆ ಎಂಬುದು ಬೀಜ ಕೊಳ್ಳುವ ದಿನವೇ ಗೊತ್ತಿರಬೇಕು.

ಧಣಿಗಳ ಸಹಿಯೊಂದಿಗೆ ನಿಯಮ ಬರೆದೆವು. ಒಪ್ಪಂದದ ದಿನವೇ ಅರ್ಧ ಕವರ್. ತಿರುಳಿಗೆ ದರ ಕಟ್ಟಿದ ದಿನ ಅದಕ್ಕೆ ತಕ್ಕಷ್ಟು ಡಾಲರೂ ಕವರ್. ಮುಳುಗುವ ದರಕ್ಕೆ ಒಂದು ರೂಪಾಯಿ ಇರುವಾಗ ಉಳಿದದ್ದೆಲ್ಲ, ಯಾರನ್ನೂ ಕೇಳದೆ. ಬಾಕಿಗಿಂತ ಹೆಚ್ಚು ಬುಕ್ ಮಾಡುವಂತಿಲ್ಲ. ಲಾಭ ಕಂಡಿತೆಂದು ನಡುವೆ ಫಾರ್ವರ್ಡ್ ರದ್ದು ಮಾಡುವಂತಿಲ್ಲ.

ಈ ನಿಯಮಕ್ಕೆ ನಿಜವಾದ ಪರೀಕ್ಷೆ ಬಂದದ್ದು 2017ರಲ್ಲಿ. ಜನವರಿಯಲ್ಲಿ 68ರ ಆಸುಪಾಸಿನಲ್ಲಿದ್ದ ಡಾಲರ್ ವರ್ಷದ ಕೊನೆಗೆ 64ಕ್ಕೆ ಇಳಿದಿತ್ತು. ಕವರ್ ಮಾಡದೆ ಬಿಟ್ಟಿದ್ದರೆ ಹದಿನಾಲ್ಕು ಲಕ್ಷ ಉಳಿಯುತ್ತಿತ್ತು ಎಂದು ಧಣಿಗಳ ತಮ್ಮ ಲೆಕ್ಕ ಹಾಕಿಕೊಂಡು ಬಂದರು. ಲೆಕ್ಕ ಸರಿಯೇ ಇತ್ತು. ಕವರ್ ಮಾಡದ ಕಾರ್ಖಾನೆಯೊಂದು ಕಿಲೋಗೆ ಐದಾರು ರೂಪಾಯಿ ಕಡಿಮೆಗೆ ತಿರುಳು ಮಾರಿ ನಮ್ಮ ಇಬ್ಬರು ಗಿರಾಕಿಗಳನ್ನೂ ಎಳೆದಿತ್ತು. ಅದನ್ನು ನಾನು ಮುಚ್ಚಿಡಲಿಲ್ಲ. ಪುಸ್ತಕ ತೆರೆದು, ಪ್ರತಿ ಬಿಲ್ಲಿನ ಎದುರೂ ನಾವು ಅಂದುಕೊಂಡಿದ್ದ ಲಾಭ ಮತ್ತು ಬಂದ ಲಾಭ ತೋರಿಸಿದೆ. ಎರಡೂ ಹತ್ತಿರ ಹತ್ತಿರ ಇದ್ದವು. ಅವರಿಗೆ ಪೂರ್ತಿ ಸಮಾಧಾನವಾಗಲಿಲ್ಲ. ಆದರೆ ನಿಯಮ ತೆಗೆಯಿರಿ ಎನ್ನಲೂ ಇಲ್ಲ.

ನಡುವೆ ಬ್ಯಾಂಕೊಂದರ ಅಧಿಕಾರಿ ಪ್ರೀಮಿಯಂ ಇಲ್ಲದ ಯೋಜನೆ ತಂದಿದ್ದರು. ಒಂದು ಮಿತಿಯವರೆಗೆ ಅಗ್ಗದ ಡಾಲರ್, ದರ ಒಂದು ಗೆರೆಯಿಂದ ಕೆಳಗೆ ಇಳಿದರೆ ನಾವು ಎರಡರಷ್ಟು ಕೊಳ್ಳಬೇಕು. ಉಚಿತವೆಂದರೆ ನಾವು ಏನನ್ನೋ ಮಾರಿದ್ದೇವೆ ಎಂದರ್ಥ. 2008ರ ಹೊತ್ತಿಗೆ ತಿರುಪ್ಪೂರಿನ ಬಟ್ಟೆ ರಫ್ತುದಾರರು ಇಂಥ ಹೆಣಿಗೆಯ ಒಪ್ಪಂದಗಳಲ್ಲೇ ಸಿಕ್ಕಿಬಿದ್ದು ಕೋರ್ಟಿನವರೆಗೆ ಹೋಗಿದ್ದರು. ನನಗೆ ಒಂದು ಹಾಳೆಯಲ್ಲಿ ಬಿಡಿಸಿ ಬರೆಯಲಾಗದ ಕಾಗದಕ್ಕೆ ಸಹಿ ಕೇಳಬೇಡಿ ಎಂದು ವಾಪಸು ಕಳಿಸಿದೆ.

ಹಾಗೆಂದು ಡಾಲರ್ ಪುಸ್ತಕ ಎಲ್ಲವನ್ನೂ ಕಾಯುವುದಿಲ್ಲ. 2018ರಲ್ಲಿ ಹಸಿಬೀಜದ ದರವೇ ಕುಸಿಯಿತು. ಹೆಚ್ಚಿನ ದರಕ್ಕೆ ಮಾತು ಕೊಟ್ಟ ಎಷ್ಟೋ ಖರೀದಿದಾರರು ಹಿಂದೆ ಸರಿದರು. ತಾಂಜಾನಿಯಾದಲ್ಲಿ ವರ್ತಕರು ಕೊಡುವ ದರ ತೀರ ಕಡಿಮೆಯೆಂದು ಅಧ್ಯಕ್ಷ ಜಾನ್ ಮಗುಫುಲಿ ನವೆಂಬರಿನಲ್ಲಿ ಬೆಳೆ ಕೊಳ್ಳಲು ಸೈನ್ಯವನ್ನೇ ಇಳಿಸಿದರು. ಅರಿಶಿನಕ್ಕೆ, ಜೀರಿಗೆಗೆ ಇರುವ ಹಾಗೆ ಮುಂದಿನ ದಿನದ ದರವನ್ನು ಇವತ್ತೇ ಕಟ್ಟುವ, ನಮ್ಮ ಉಪಯೋಗಕ್ಕೆ ಬರುವ ವಾಯಿದೆ ಪೇಟೆ ಗೇರುಬೀಜಕ್ಕಿಲ್ಲ. ಅಲ್ಲಿ ನಮಗಿರುವ ದಾರಿ ಒಂದೇ: ಕಡಿಮೆ ದಾಸ್ತಾನು, ಕೊಂಡಷ್ಟಕ್ಕೆ ಬೇಗ ಮಾರಾಟ. ಆ ವರ್ಷ ನಮಗೂ ಪೆಟ್ಟು ಬಿತ್ತು. ಡಾಲರ್ ಕಡೆಯಿಂದ ಮಾತ್ರ ಬೀಳಲಿಲ್ಲ, ಜನವರಿಯಲ್ಲಿ 64ರ ಕೆಳಗಿದ್ದ ಡಾಲರ್ ಅಕ್ಟೋಬರಿನಲ್ಲಿ 74 ದಾಟಿದ್ದರೂ. 2022ರಲ್ಲಿ ಅದು 80 ದಾಟಿ 83ಕ್ಕೆ ಹೋದಾಗ ನಾವು ಟೀವಿ ಹಾಕಲಿಲ್ಲ.

ಈಗ ನನ್ನ ಕೈಕೆಳಗೆ ಮೂಡುಬಿದಿರೆಯ ಹುಡುಗಿಯೊಬ್ಬಳಿದ್ದಾಳೆ, ಬಿಕಾಂ ಮುಗಿಸಿ ಬಂದವಳು. ಮೊದಲ ವಾರ ಅವಳನ್ನು ಲೆಕ್ಕಕ್ಕೆ ಕೂರಿಸದೆ ಗೋದಾಮಿಗೆ ಕಳಿಸಿದೆ. ಚೀಲಕ್ಕೆ ಕೊಳವೆ ಚುಚ್ಚಿ ಮಾದರಿ ತೆಗೆದು, ಒಂದು ಕಿಲೋ ತೂಗಿ, ಬೀಜ ಎಣಿಸಿ, ಒಂದೊಂದನ್ನೂ ಕತ್ತರಿಸಿ ಒಳ್ಳೆಯದು, ಹಾಳು ಬೇರೆ ಮಾಡುವುದು. ಸಿಪ್ಪೆಯ ಎಣ್ಣೆ ತಾಗಿ ಬೆರಳು ಕಪ್ಪಾಗಿ, ಚರ್ಮ ಸುಲಿದು ವಾರ ಉರಿಯಿತು. ಮೊನ್ನೆ ಕಂಟೇನರ್ ಬಂದಾಗ ಅವಳೇ ಮಾದರಿ ಕತ್ತರಿಸಿ, ಎಂಬತ್ತು ಕಿಲೋ ಚೀಲಕ್ಕೆ ಎಷ್ಟು ಪೌಂಡ್ ತಿರುಳು ಎಂದು ಲೆಕ್ಕ ತೆಗೆದಳು. ಒಪ್ಪಂದದಲ್ಲಿ ಹೇಳಿದ್ದಕ್ಕಿಂತ ಒಂದು ಪೌಂಡ್ ಕಡಿಮೆ. ಕೈ ತೊಳೆದು ಬಂದು ಪುಸ್ತಕ ತೆರೆದು, ತಿರುಳು ಕಡಿಮೆಯಾದರೆ ಮುಳುಗುವ ದರವೂ ಕೆಳಗೆ ಬರುತ್ತದಲ್ಲ ಸರ್ ಎಂದಳು. ಹಳೆಯ ಅಂಕಿ ಹೊಡೆದು ಹೊಸದು ಬರೆದಳು. ತೆರೆದಿದ್ದ 42 ಸಾವಿರ ಡಾಲರಿನ ಮೇಲೆ ಬೆರಳಿಟ್ಟು, ನನ್ನ ಒಪ್ಪಿಗೆಗೆ ಕಾಯದೆ ಬ್ಯಾಂಕಿಗೆ ಫೋನ್ ಮಾಡಿದಳು.