ಹದಿನಾರಲ್ಲ, ಇಪ್ಪತ್ತಾರು

ಸೆಪ್ಟೆಂಬರ್ 15, 2024, ಭಾನುವಾರ, ತಿಪಟೂರು

ಬುಧವಾರ ಅಮ್ಮ ಹೊರಡ್ತಾಳೆ. ಅಕ್ಕನ ಬಾಣಂತನಕ್ಕೆ, ಒಬ್ಬಳೇ. ಬೆಂಗಳೂರಿಂದ ನೇರ ಸ್ಯಾನ್ ಫ್ರಾನ್ಸಿಸ್ಕೋಗೆ.

ರಾತ್ರಿ ಊಟ ಆದ ಮೇಲೆ ಅಪ್ಪ ಸುಮ್ನೆ ಕೇಳಿದ ಹಾಗೆ ಕೇಳಿದರು: "ಎಷ್ಟು ಕಿಲೋಮೀಟರು?" 14,000 ಅಂದೆ. "ಎಷ್ಟು ಗಂಟೆ?" ಸುಮಾರು 16. ಕಣ್ಣು ಮುಚ್ಚಿಕೊಂಡು ಲೆಕ್ಕ ಹಾಕಿದರು. ಮೂವತ್ತು ವರ್ಷ ಬೆಂಗಳೂರು-ಮಂಗಳೂರು ನೈಟ್ ಬಸ್ ಓಡಿಸಿದವರು, ಲೋಕವನ್ನೆಲ್ಲ 350 ಕಿಲೋಮೀಟರಿನ ಮೊಳದಲ್ಲೇ ಅಳೆಯೋದು. "ನಲವತ್ತು ರಾತ್ರಿ ಡ್ಯೂಟಿ," ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಡ್ರೈವರ್ ಒಬ್ರೇನಾ?"

ಇಷ್ಟು ದೂರಕ್ಕೆ ನಾಲ್ಕು ಜನ ಪೈಲಟ್ ಇರ್ತಾರೆ, ಸರದಿ ಮೇಲೆ ಮಲಗೋಕೆ ಒಳಗೇ ಮಂಚ ಇರುತ್ತೆ ಅಂದೆ. ಆಗ ಕಾಲು ಚಾಚಿ ಕೂತರು. ಇದೊಂದೇ ಪ್ರಶ್ನೆ ಅವರನ್ನ ವಾರದಿಂದ ಕೊರೀತಿತ್ತು ಅನ್ಸುತ್ತೆ, ಪಾಪ.

ದಾರಿ ತೋರಿಸೋಣ ಅಂತ ಪುಟ್ಟಿಯ ಗ್ಲೋಬ್ ತಂದೆ. ಅಮ್ಮನ ಹೂ ಕಟ್ಟೋ ದಾರವನ್ನ ಬೆಂಗಳೂರಿನ ಮೇಲೆ ಒತ್ತಿ ಹಿಡಿದು ಆ ಕಡೆಗೆ ಬಿಗಿಯಾಗಿ ಎಳೆದರೆ ಅದು ಪೂರ್ವಕ್ಕೆ ಹೋಗೋದೇ ಇಲ್ಲ. ನೆಟ್ಟಗೆ ಮೇಲೆ ಹತ್ತಿ ಚೀನಾ, ಸೈಬೀರಿಯಾ ದಾಟಿ, ಅಲಾಸ್ಕಾ ಕಡೆಯಿಂದ ಕೆಳಗಿಳಿಯುತ್ತೆ. ಅಪ್ಪನಿಗೆ ನಂಬಿಕೆ ಬರಲಿಲ್ಲ, ತಾವೇ ಎರಡು ಸಲ ಎಳೆದು ನೋಡಿದರು. ವಿಮಾನ ಯಾವಾಗಲೂ ದಾರದ ಮೇಲೇ ಹೋಗಲ್ಲ, ಹಿಂದಿನಿಂದ ಗಾಳಿ ಜೋರಾಗಿ ತಳ್ಳೋ ಕಡೆ ಸುತ್ತು ಹಾಕಿದರೂ ಬೇಗ ತಲುಪುತ್ತೆ ಅಂದೆ. ಅದು ತಕ್ಷಣ ಅರ್ಥ ಆಯ್ತು. "ಶಿರಾಡಿ ಜಾಮ್ ಆದ್ರೆ ಚಾರ್ಮಾಡಿ ಹಿಡಿಯಲ್ವಾ, ಹಂಗೆ." ಹೆಚ್ಚುಕಮ್ಮಿ ಹಂಗೇ. 2021ರ ಜನವರಿಯಲ್ಲಿ ಈ ಎರಡು ಊರಿನ ಮಧ್ಯೆ ಏರ್ ಇಂಡಿಯಾದ ಮೊದಲ ನೇರ ವಿಮಾನ ಉತ್ತರ ಧ್ರುವದ ಮೇಲಿಂದ ಬೆಂಗಳೂರಿಗೆ ಬಂದಾಗ ಪೈಲಟ್‌ಗಳೆಲ್ಲ ಹೆಂಗಸರೇ ಅಂದೆ. ಒಳಗಿಂದ ಅಮ್ಮ, "ಕೇಳಿಸ್ತಾ?" ಅಂದಳು. ಅಪ್ಪ ಕೇಳಿಸಿಲ್ಲ ಅನ್ನೋ ಹಾಗೆ ಗ್ಲೋಬ್ ತಿರುಗಿಸ್ತಿದ್ದರು.

ಆಮೇಲೆ ಹಳೇ ಕ್ಯಾಲೆಂಡರಿನ ಹಿಂಬದಿ ಲೆಕ್ಕ ಶುರು. ಡಿಪೋ ಬಿಟ್ಟಾಗಿಂದ ಡಿಪೋ ಸೇರೋವರೆಗೆ ಡ್ಯೂಟಿ, ಮಧ್ಯದ್ದೊಂದನ್ನೇ ಹೇಳಿದ್ರೆ ಒಪ್ಪಲ್ಲ ಅಂದರು. ಬೆಳಿಗ್ಗೆ ಆರಕ್ಕೆ ಮನೆ ಬಿಡೋದು. ದೇವನಹಳ್ಳಿಗೆ ಮೂರೂವರೆ ಗಂಟೆ. ಅಲ್ಲಿ ಕಾಯೋದು, ಎರಡಕ್ಕೆ ವಿಮಾನ. ಹದಿನಾರು ಗಂಟೆ ಹಾರಾಟ. ಇಳಿದ ಮೇಲೆ ಕ್ಯೂ, ಲಗೇಜು, ಅಕ್ಕನ ಮನೆಗೆ ಕಾರು. ಒಟ್ಟು ಇಪ್ಪತ್ತಾರು. ಆದರೆ ಅಲ್ಲಿನ ಗಡಿಯಾರ ಈಗ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ, ಹಾಗಾಗಿ ಅಮ್ಮ ಮನೆ ಮುಟ್ಟೋದು ಅದೇ ಬುಧವಾರ ಸಂಜೆ ಏಳೂವರೆಗೆ.

"ಅಂದ್ರೆ ಅವಳಿಗೆ ಒಂದೇ ದಿನ," ಅಂದರು ಅಪ್ಪ. "ನಮಗೆ ಗುರುವಾರ ಬೆಳಿಗ್ಗೆವರೆಗೂ."

ಅಲ್ಲಿಂದ ಮುಂದೆ ಮಾತಾಡಲಿಲ್ಲ. ನಾನೂ.

ಕೊಬ್ಬರಿ, ಲೇಹ ಎಲ್ಲ ಸೇರಿ ಒಂದು ಸೂಟ್‌ಕೇಸ್ 23 ಕೆ.ಜಿ. ದಾಟಿದೆ. ಒಂದು ಲೇಹದ ಡಬ್ಬಿ ತೆಗೆಯಬೇಕು, ಅಮ್ಮ ಬಿಡ್ತಿಲ್ಲ. ದಾರ ಇನ್ನೂ ಗ್ಲೋಬಿಗೇ ಸುತ್ತಿಕೊಂಡಿದೆ. ಇದನ್ನೆಲ್ಲ ಬರೆಯುವಾಗ ಈಗ ಹೊಳೀತು, ಅಮ್ಮನ ಮಂಡಿ. ಅಷ್ಟು ಹೊತ್ತು ಕೂತರೆ ಕಾಲು ಊದುತ್ತೆ, ಎದ್ದು ಓಡಾಡೋಕೆ ದಾರಿ ಪಕ್ಕದ ಸೀಟು ಬೇಕು, ನಾನು ಕಿಟಕಿ ಪಕ್ಕದ್ದು ಹಾಕಿಬಿಟ್ಟಿದ್ದೀನಿ. ನಾಳೆ ಎದ್ದ ತಕ್ಷಣ ಅದೊಂದು