ಕೊಬ್ಬಿಗೂ ಚಳಿ ಆಗುತ್ತದೆ

ತೀರ್ಥಹಳ್ಳಿ ಚಿಕ್ಕಮ್ಮನ ಫೋನ್. ಮುಂದಿನ ವಾರ ಮದುವೆ, ಅಷ್ಟರಲ್ಲಿ ಶಿವಮೊಗ್ಗಕ್ಕೆ ಬಂದು ಹೊಟ್ಟೆಯ ಕೊಬ್ಬನ್ನು ಯಂತ್ರದಿಂದ ತಂಪು ಮಾಡಿ ಕರಗಿಸುವ ಕ್ರಯೋಲಿಪೊಲಿಸಿಸ್ ಚಿಕಿತ್ಸೆ ಮಾಡಿಸಿಕೊಳ್ಳಬಹುದಾ ಅಂತ. ಆಗಲ್ಲ ಚಿಕ್ಕಮ್ಮಾ, ಟೈಲರ್ ಹತ್ತಿರ ಹೋಗಿ ಬ್ಲೌಸ್ ಸಡಿಲ ಮಾಡಿಸಿಕೊಳ್ಳಿ ಅಂದೆ. ಚಳಿಗೆ ಸತ್ತ ಕೊಬ್ಬಿನ ಕೋಶಗಳನ್ನು ದೇಹವೇ ನಿಧಾನವಾಗಿ ಹೊರಹಾಕಬೇಕು. ಅದಕ್ಕೆ 2-3 ತಿಂಗಳು ಬೇಕು. ಆಮೇಲೂ ಆ ಜಾಗದ ಕೊಬ್ಬಿನ ಪದರ ಸುಮಾರು ಶೇ 20ರಿಂದ 25ರಷ್ಟು ತೆಳುವಾಗಬಹುದು, ಅಷ್ಟೇ. ತೂಕದಲ್ಲಿ ವ್ಯತ್ಯಾಸ ಕಾಣುವುದಿಲ್ಲ.

ಇದು ಹುಟ್ಟಿದ ಕಥೆ ಮಾತ್ರ ಮಜವಾಗಿದೆ. ಐಸ್‌ಕ್ಯಾಂಡಿ ಚೀಪುವ ಪುಟ್ಟ ಮಕ್ಕಳ ಕೆನ್ನೆಯ ಕೊಬ್ಬಿಗೆ ಚಳಿಯಿಂದ ಪೆಟ್ಟಾಗುವುದನ್ನು ವೈದ್ಯರು ಹಿಂದೆಯೇ ಗಮನಿಸಿದ್ದರು. ಚರ್ಮಕ್ಕಿಂತ ಕೊಬ್ಬಿಗೆ ಚಳಿ ಜಾಸ್ತಿ ನಾಟುತ್ತದೆ. ಆ ಸುಳಿವು ಹಿಡಿದು ಅಮೆರಿಕದ ವೈದ್ಯರಾದ ಡೀಟರ್ ಮ್ಯಾನ್‌ಸ್ಟೈನ್ ಮತ್ತು ರಾಕ್ಸ್ ಆಂಡರ್ಸನ್ ಕ್ರಯೋಲಿಪೊಲಿಸಿಸ್ ರೂಪಿಸಿದರು. 2010ರಲ್ಲಿ ಅಲ್ಲಿನ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸೊಂಟದ ಪಕ್ಕದ ಕೊಬ್ಬಿಗೆ ಒಪ್ಪಿಗೆ ಕೊಟ್ಟಿತು. ಆಗುಂಬೆ ಚಳಿಯಲ್ಲಿ ಕೂತರೆ ಸಾಲದಾ ಅಂತ ಕೇಳಬೇಡಿ, ಸಾಲದು!

ಅಪರೂಪಕ್ಕೆ ಉಲ್ಟಾ ಹೊಡೆಯುವುದೂ ಉಂಟು. ಕರಗುವ ಬದಲು ಅದೇ ಜಾಗದಲ್ಲಿ ಕೊಬ್ಬು ಗಟ್ಟಿಯಾಗಿ ಬೆಳೆಯುತ್ತದೆ. ಮಾಡೆಲ್ ಲಿಂಡಾ ಇವಾಂಜೆಲಿಸ್ಟಾ 2021ರಲ್ಲಿ ತನಗೆ ಹೀಗಾಯಿತು ಅಂತ ಹೇಳಿಕೊಂಡರು. ಕ್ರಯೋಗ್ಲೊಬ್ಯುಲಿನೀಮಿಯಾದಂಥ, ಚಳಿಗೆ ಕೆರಳುವ ರಕ್ತದ ತೊಂದರೆ ಇದ್ದವರಂತೂ ಇದನ್ನು ಮಾಡಿಸಲೇಬಾರದು.

ಇನ್ನು ಚಿಕ್ಕಪ್ಪನಂಥವರ ಗಟ್ಟಿ ಹೊಟ್ಟೆ. ಅದರಲ್ಲಿ ಹೆಚ್ಚಿನದು ಒಳಗೆ ಕರುಳಿನ ಸುತ್ತ ಕೂತ ಕೊಬ್ಬು. ಅಲ್ಲಿಗೆ ಈ ಯಂತ್ರದ ಚಳಿ ತಲುಪುವುದೇ ಇಲ್ಲ. ಚರ್ಮದಡಿ ಚಿವುಟಿದರೆ ಸಿಗುವ ಕೊಬ್ಬಿಗಷ್ಟೇ ಇದರ ಆಟ.